ಬಲಕ್ಕೆ ತಿರುಗುವ ಡಬ್ಬಿ

ಕಟಿಂಗ್ ಮಾಸ್ತರು ಎಂದರೆ ಪಾಠ ಹೇಳುವ ಮಾಸ್ತರಲ್ಲ. ಪುಸ್ತಕ ಕಟ್ಟುವ ಅಂಗಡಿಯಲ್ಲಿ, ಹೊಲಿದು, ಗೋಂದು ಹಾಕಿ, ಒಣಗಿಸಿದ ಪುಸ್ತಕಗಳ ಅಂಚನ್ನು ದೊಡ್ಡ ಕತ್ತಿಯ ಯಂತ್ರಕ್ಕೆ ಕೊಟ್ಟು ನುಣ್ಣಗೆ ಮಾಡುವುದು ಅವರ ಕೆಲಸ. ಆ ಕೆಲಸದಲ್ಲಿ ಅವರ ಕಣ್ಣು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮಿಕ್ಕ ವಿಷಯಗಳಲ್ಲಿ ಅಷ್ಟು ಖಾತ್ರಿಯಾಗಿ ಹೇಳಲಾಗದು. ಹೇಳುವ ಹಾಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಾಸ್ತರ ಹೊಟ್ಟೆ ಅಂಗಿಯ ಗುಂಡಿಗಳ ಜೊತೆ ಜಗಳಕ್ಕೆ ನಿಂತು ಬಹಳ ಕಾಲವಾಗಿತ್ತು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಎರಡನೇ ಮಹಡಿಯ ತಿರುವಿನಲ್ಲಿ ಅವರು ದಿನವೂ ಬಗ್ಗಿ ನಿಂತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದರು. ಆ ಬೂಟಿಗೆ ದಾರವೇ ಇಲ್ಲ ಎಂಬುದನ್ನು ಹೆಂಡತಿ ಗಮನಿಸಿದ ದಿನವೇ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ರಕ್ತ ತೆಗೆಸಿ, ಕನ್ನಡಕದ ಮೇಲಿನಿಂದ ನೋಡಿದರು. "ಕೊಬ್ಬು ಜಾಸ್ತಿ ಇದೆ. ಮಧ್ಯಾಹ್ನ ಏನು ತಿಂತೀರಿ?"

"ನಾನೇ ಡಬ್ಬಿ ಕಟ್ಟಿಕೊಡ್ತೀನಿ," ಅಂದಳು ಹೆಂಡತಿ, ಎದೆಯುಬ್ಬಿಸಿ. "ಅನ್ನ, ಬೇಳೆ, ತರಕಾರಿ. ಜಿಡ್ಡು ಅನ್ನೋದು ಮುಟ್ಟಿಸೋದೇ ಇಲ್ಲ."

ಡಾಕ್ಟರು ಮಾಸ್ತರ ಹೊಟ್ಟೆ ನೋಡಿದರು. ಮಾಸ್ತರು ಕಿಟಕಿ ನೋಡಿದರು.

"ಇನ್ಮೇಲೆ ಮಧ್ಯಾಹ್ನ ಸಲಾಡ್ ತಿನ್ನಿ. ಹಸಿ ತರಕಾರಿ, ಬೇಯಿಸಿದ ಕಾಳು, ಹೊಟ್ಟೆ ತುಂಬೋ ಹಾಗೆ. ಚಳಿಗಾಲ ಕಳೆದ ಮೇಲೆ ಮತ್ತೆ ನೋಡೋಣ. ಆಗಲೂ ಇಳಿದಿಲ್ಲ ಅಂದ್ರೆ ನಾನು ಸುಮ್ನೆ ಬಿಡಲ್ಲ, ಆಸ್ಪತ್ರೆಗೆ ಸೇರಿಸಿ ಹೃದಯದ ನಾಳ ನೋಡಬೇಕಾಗುತ್ತೆ."

ಹೆಂಡತಿ ಅಳಲಿಲ್ಲ, ಗಂಡನನ್ನು ಬೈಯಲೂ ಇಲ್ಲ. ಅವಳ ಅಣ್ಣ ಹೀಗೇ ಒಂದು ದಿನ ಮೆಟ್ಟಿಲ ಮೇಲೆ 'ಒಂದು ನಿಮಿಷ' ಎಂದು ಕೂತವನು ಮತ್ತೆ ಎದ್ದಿರಲಿಲ್ಲ. ಅವಳು ದಾರಿಯಲ್ಲಿ ನಿಂಬೆಹಣ್ಣು, ಕಿತ್ತಳೆ, ಕಡಲೆ, ಕ್ಯಾರೆಟ್ಟು, ಎಲೆಕೋಸು ಕೊಂಡಳು. ಚೀಲ ಎರಡೂ ಕೈ ತುಂಬಿತು. ಮಾಸ್ತರು ಹೊರಲು ಕೈ ಚಾಚಿದರೆ ಕೊಡಲಿಲ್ಲ.

ಅವಳದ್ದು ಔಷಧಿ ಅಂಗಡಿಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗಿನ ಕೆಲಸ. ಅಳತೆ ಎಂದರೆ ಅಳತೆ. ಕೆಮ್ಮಿನ ಔಷಧಿಯ ಖಾಲಿ ಸೀಸೆಯೊಂದನ್ನು ಬಿಸಿನೀರಿನಲ್ಲಿ ಕುದಿಸಿ, ಮೇಲಿನ ಚೀಟಿ ಕೆರೆದು ತೆಗೆದು, ಅದರ ಗೆರೆಗಳಿಗೆ ಸರಿಯಾಗಿ ಸಲಾಡಿನ ಮೇಲೆ ಹುಯ್ಯುವ ಡ್ರೆಸಿಂಗ್ ಮಾಡತೊಡಗಿದಳು: ಈ ಗೆರೆಯವರೆಗೆ ನಿಂಬೆರಸ, ಆ ಗೆರೆಯವರೆಗೆ ಎಣ್ಣೆ, ಚಿಟಿಕೆ ಉಪ್ಪು, ಕುಟ್ಟಿದ ಮೆಣಸು, ಜಜ್ಜಿದ ಒಂದು ಬೆಳ್ಳುಳ್ಳಿ ಎಸಳು. ಮುಚ್ಚಳ ಬಿಗಿಮಾಡಿ ಕಿವಿಯ ಹತ್ತಿರ ಹಿಡಿದು ಗಲಗಲ ಅಲುಗಾಡಿಸಿದರೆ ಎಣ್ಣೆಯೂ ಹುಳಿಯೂ ರಾಜಿಯಾಗಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತಿತ್ತು. ಡಬ್ಬಿಯಲ್ಲಿ ಕೆಳಗೆ ಕಡಲೆ, ಅದರ ಮೇಲೆ ಬೇಯಿಸಿದ ಮೊಟ್ಟೆ, ಮೇಲೆ ಕ್ಯಾರೆಟ್ಟು, ಕೋಸು, ಎಲ್ಲಕ್ಕಿಂತ ಮೇಲೆ ಸೊಪ್ಪು.

"ಸೀಸೆ ಬೇರೆ, ಡಬ್ಬಿ ಬೇರೆ. ತಿನ್ನೋ ಹೊತ್ತಿಗೆ ಸರಿಯಾಗಿ ಹುಯ್ಕೋಬೇಕು," ಎಂದು ಮೊದಲ ದಿನವೇ ತಾಕೀತು ಮಾಡಿದಳು. "ಮುಂಚೆನೇ ಹುಯ್ದ್ರೆ ಸೊಪ್ಪು ಸತ್ತ ಹಾಗೆ ಮಲಗುತ್ತೆ. ಒಂದು ತುಣುಕೂ ಬಿಡಬಾರದು. ಆಯ್ತಾ?"

"ಒಂದು ತುಣುಕೂ ಉಳಿಯಲ್ಲ," ಎಂದರು ಮಾಸ್ತರು. ಅದು ಸುಳ್ಳಾಗಿರಲಿಲ್ಲ. ಆ ಡಬ್ಬಿ ಎಂದೂ ಖಾಲಿಯಾಗದೆ ಮನೆಗೆ ಬಂದದ್ದಿಲ್ಲ. ತಿನ್ನುವವರು ಮಾತ್ರ ಮಾಸ್ತರಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಂಗಡಿಯಲ್ಲಿ ಮಧ್ಯಾಹ್ನ ಮೇಜಿನ ಸುತ್ತ ಕೂರುವವರು ನಾಲ್ಕು ಜನ. ಪುಸ್ತಕ ಹೊಲಿಯುವ ದಾರದಕ್ಕ, ಅವಳ ಬಲಕ್ಕೆ ಕಟಿಂಗ್ ಮಾಸ್ತರು, ಅವರ ಬಲಕ್ಕೆ ಗೋಂದು ಕಾಯಿಸುವ ತಾತ, ತಾತನ ಬಲಕ್ಕೆ ರಟ್ಟಿನ ಮೇಲೆ ಚಿನ್ನದ ಅಕ್ಷರ ಒತ್ತುವ ಚಿಕ್ಕಮ್ಮ. ಅಕ್ಕ ಯಾರಿಗೂ ಅಕ್ಕನಲ್ಲ, ಚಿಕ್ಕಮ್ಮ ಯಾರಿಗೂ ಚಿಕ್ಕಮ್ಮನಲ್ಲ. ವರ್ಷಗಟ್ಟಲೆ ಒಂದೇ ಮೇಜಿನಲ್ಲಿ ಉಂಡವರು ಹಾಗೆ ಆಗಿಬಿಡುತ್ತಾರೆ. ಗೋಂದಿನ ತಾತ ಹೆಂಡತಿಯನ್ನು ಕಳೆದುಕೊಂಡ ವರ್ಷ, ಊಟದ ಹೊತ್ತಿಗೆ ಡಬ್ಬಿ ಹಿಡಿದು ಒಬ್ಬನೇ ಗೋದಾಮಿಗೆ ಹೋಗತೊಡಗಿದ. 'ಅಲ್ಲಿ ಗಾಳಿ ಚೆನ್ನಾಗಿದೆ' ಎನ್ನುತ್ತಿದ್ದ. ಗೋದಾಮಿಗೆ ಕಿಟಕಿಯೇ ಇರಲಿಲ್ಲ. ದಾರದಕ್ಕ ಒಂದು ದಿನ ರಟ್ಟು ತರುವ ನೆಪದಲ್ಲಿ ಇಣುಕಿದರೆ, ತಾತ ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದ.

ಅಕ್ಕ ಯಾರಿಗೂ ಏನೂ ಹೇಳದೆ ಮರುದಿನ ಮೇಜು ಗುದ್ದಿ ಹೊಸ ಕಾನೂನು ಹೊರಡಿಸಿದಳು. "ನನ್ನ ಗಂಡನ ಅಡುಗೆ ತಿಂದು ತಿಂದು ನಾಲಿಗೆ ಸತ್ತುಹೋಗಿದೆ. ಇವತ್ತಿಂದ ಎಲ್ಲರ ಡಬ್ಬಿನೂ ಬಲಕ್ಕೆ ತಿರುಗಬೇಕು. ತಾತಾ, ನೀವೂ ಬನ್ನಿ, ಇಲ್ಲದಿದ್ರೆ ಲೆಕ್ಕ ಕೂಡಲ್ಲ."

ಅಕ್ಕನ ಗಂಡನ ಅಡುಗೆಯ ಕೀರ್ತಿ ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಅನುಮಾನಪಡಲಿಲ್ಲ. ಡಬ್ಬಿಗಳು ತಿರುಗಿದವು. ತಾತನ ಖಾಲಿ ಡಬ್ಬಿ ಚಿಕ್ಕಮ್ಮನ ಮುಂದೆ ಬಂತು. ಚಿಕ್ಕಮ್ಮ ಮುಚ್ಚಳ ತೆಗೆದಳು, ನೋಡಿದಳು, ಮುಚ್ಚಳವನ್ನು ಅರ್ಧ ಅಡ್ಡ ಹಿಡಿದು ಚಮಚ ಆಡಿಸಿದಳು, ಬಾಯಿಯನ್ನೂ ಆಡಿಸಿದಳು. ಕೊನೆಗೆ ಬಾಯೊರೆಸಿಕೊಂಡು, "ಉಪ್ಪು ಒಂಚೂರು ಕಮ್ಮಿ ಆಗಿದೆ ತಾತಾ," ಅಂದಳು.

ಮಾರನೆಯ ದಿನ ತಾತನ ಡಬ್ಬಿಯಲ್ಲಿ ಬೇಯಿಸಿದ ಆಲೂಗಡ್ಡೆ ಇತ್ತು. ಉಪ್ಪು ವಿಪರೀತ ಇತ್ತು. ತನಗಾಗಿ ಒಲೆ ಹಚ್ಚಲು ಮನಸ್ಸಿಲ್ಲದ ಮನುಷ್ಯ ಇನ್ನೊಬ್ಬರ ಹೊಟ್ಟೆಗಾಗಿ ಅಡುಗೆ ಕಲಿತ, ಉಳಿದುಕೊಂಡ. ಇದೆಲ್ಲ ಮನೆಯಲ್ಲಿ ಯಾರೂ ಬಾಯಿ ಬಿಡಬಾರದೆಂದು ಅಕ್ಕ ಆಮೇಲೆ ಮಾಸ್ತರಿಂದಲೂ ಚಿಕ್ಕಮ್ಮನಿಂದಲೂ ಮಾತು ತೆಗೆದುಕೊಂಡಳು. ಮನೆಯವರಿಗೆ ತಿಳಿದರೆ ಅಯ್ಯೋ ಪಾಪ ಎಂದು ತಾತನಿಗೆ ಬೇರೆ ಡಬ್ಬಿ ಬರುತ್ತದೆ. ಬಂದರೆ ತಾತ ಮತ್ತೆ ಗೋದಾಮಿಗೆ ಹೋಗುತ್ತಾನೆ.

ಹೀಗೆ ಹತ್ತು ಹನ್ನೆರಡು ವರ್ಷಗಳಿಂದ ಮಾಸ್ತರ ಹೆಂಡತಿಯ ಅಡುಗೆ ತಾತನ ಹೊಟ್ಟೆ ಸೇರುತ್ತಿತ್ತು. ಮಾಸ್ತರಿಗೆ ದಾರದಕ್ಕನ ಗಂಡನ ಡಬ್ಬಿ. ಆ ಮಹಾನುಭಾವನಿಗೆ ಬಾಣಲೆಯ ಮೇಲೆ ಪ್ರಾಣ. ಹುರಿದ ಆಲೂಗಡ್ಡೆ, ಬೆಣ್ಣೆಯಲ್ಲಿ ಮುಳುಗಿಸಿ ಕಾಯಿಸಿದ ಬ್ರೆಡ್ಡು, ಎಣ್ಣೆಯಲ್ಲಿ ಈಜಾಡಿ ಬಂದ ಮೊಟ್ಟೆ. ಅಕ್ಕನ ನಾಲಿಗೆ ಸತ್ತಿದ್ದರೂ ಮಾಸ್ತರ ನಾಲಿಗೆ ಅಲ್ಲೇ ಜೀವ ಪಡೆದಿತ್ತು ಎಂಬುದನ್ನು ಮುಚ್ಚಿಡುವುದು ಬೇಡ.

ಸಂಜೆ ಹೆಂಡತಿ ಖಾಲಿ ಡಬ್ಬಿ ತೊಳೆಯುತ್ತ, "ಹೇಗಿತ್ತು?" ಎಂದು ಕೇಳುವಳು. ತಾತ ಮಧ್ಯಾಹ್ನ ಏನು ಹೊಗಳಿದ್ದನೋ ಅದನ್ನೇ ಮಾಸ್ತರು ಒಂದಕ್ಷರ ಬಿಡದೆ ಒಪ್ಪಿಸುವರು. "ಬೇಳೆ ಹೂವಿನ ಹಾಗೆ ಬೆಂದಿತ್ತು." "ಹೀಗೆ ದಿನಾ ತಿಂದ್ರೆ ಆಯುಷ್ಯ ಒಂದು ದಿನ ಜಾಸ್ತಿ." ರಾತ್ರಿ ಅವಳೆದುರೇ ಕೂತು ಉಣ್ಣುವಾಗ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನಮ್ಮವರಿಗೆ ಮಧ್ಯಾಹ್ನವಷ್ಟೇ ಬಾಯಿ ಬರುತ್ತದೆ ಎಂದು ಅವಳು ಅಕ್ಕಪಕ್ಕದವರಲ್ಲಿ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಹೆಮ್ಮೆಯೂ ಇರುತ್ತಿತ್ತು.

ಸರಿ, ಮೊದಲ ಸಲಾಡ್ ಅಂಗಡಿಗೆ ಬಂತು. ಡಬ್ಬಿ ಬಲಕ್ಕೆ ತಿರುಗಿತು. ಗೋಂದಿನ ತಾತ ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದ. ಅವನ ಬಾಯಲ್ಲಿ ಉಳಿದಿದ್ದ ಹಲ್ಲುಗಳು ಒಂದಕ್ಕೊಂದು ಮುಖ ನೋಡಿ ಯಾವ ಕಾಲವಾಗಿತ್ತೋ.

"ಇವತ್ತು ಹೊಸ ಥರ," ಅಂದ ತಾತ, ಮರ್ಯಾದೆಯಿಂದ. ಒಂದು ತುಂಡು ಕ್ಯಾರೆಟ್ಟನ್ನು ಎಡದವಡೆಗೆ ಕೊಟ್ಟ, ಬಲದವಡೆಗೆ ವರ್ಗಾಯಿಸಿದ, ಮತ್ತೆ ಎಡಕ್ಕೆ ತಂದ. ಊಟದ ಹೊತ್ತು ಮುಗಿದು ಯಂತ್ರ ಶುರುವಾದಾಗಲೂ ತಾತ ಗೋಂದು ತಿರುವುತ್ತ ಅದೇ ಕ್ಯಾರೆಟ್ಟಿನ ಜೊತೆ ಹೋರಾಡುತ್ತಿದ್ದ. ಬಿಡಲಿಲ್ಲ, ದೂರಲಿಲ್ಲ. ಮಾಸ್ತರು ಬೆಣ್ಣೆಯ ಬ್ರೆಡ್ಡು ತಿಂದ ಬಾಯೊರೆಸಿಕೊಂಡು ತಲೆ ತಗ್ಗಿಸಿದರು.

ಆ ಸಂಜೆ ಅವರು ಹೆಂಡತಿಗೆ, "ಎಲ್ಲ ಚೆನ್ನಾಗಿತ್ತು. ಆದ್ರೆ ಇನ್ನೂ ಸಣ್ಣಗೆ ಹೆಚ್ಚಬೇಕಿತ್ತು," ಅಂದರು.

"ಯಾಕ್ರೀ?"

"ಹಲ್ಲು ನೋವು."

ಮರುದಿನ ಕೆಲಸಕ್ಕೆ ಹೋಗುವ ಮೊದಲೇ ಅವಳು ಅವರನ್ನು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಿಸಿದ್ದಳು. ಆ ಡಾಕ್ಟರು ಒಂದೊಂದೇ ಹಲ್ಲನ್ನು ಕಬ್ಬಿಣದ ಕಡ್ಡಿಯಿಂದ ತಟ್ಟಿ, "ನೋವಾಗುತ್ತಾ? ಇಲ್ಲಿ? ಇಲ್ಲಿ?" ಎಂದು ಕೇಳಿದರು. ಎಲ್ಲಿ ಹೂಂ ಅಂದರೆ ಅದನ್ನು ಕಿತ್ತುಬಿಡುತ್ತಾರೋ ಎಂಬ ಭಯಕ್ಕೆ ಮಾಸ್ತರು ಎಲ್ಲಕ್ಕೂ ಊಹೂಂ ಅಂದರು. "ಇವರು ಕಲ್ಲು ಅಗಿದ್ರೂ ಏನೂ ಆಗಲ್ಲಮ್ಮ," ಎಂದು ಡಾಕ್ಟರು ಕೈತೊಳೆದುಕೊಂಡರು. ಹೆಂಡತಿ ಗಂಡನನ್ನು ಓರೆಗಣ್ಣಿನಿಂದ ನೋಡಿದಳು.

ಆದರೂ ಅವಳು ಸಣ್ಣಗೆ ಹೆಚ್ಚಿದಳು. ಅದೂ ಸಾಲದೆಂದು ಮಾಸ್ತರೇ ಬೆಳಗ್ಗೆ ಅಡುಗೆಮನೆಗೆ ಇಳಿದರು. ಕಾಗದ ಕತ್ತರಿಸಿದ ಕೈ. ಎಲೆಕೋಸು ಅವರ ಕೈಯಲ್ಲಿ ನೂಲಾಯಿತು, ಕ್ಯಾರೆಟ್ಟು ಕಣ್ಣಿಗೆ ಕಾಣದಷ್ಟು ತೆಳುವಾಯಿತು. ಮದುವೆಯಾದಂದಿನಿಂದ ಚಾಕು ಮುಟ್ಟದ ಗಂಡ ಹೀಗೆ ಪಕ್ಕದಲ್ಲಿ ನಿಂತದ್ದು ಕಂಡು ಹೆಂಡತಿಯ ಓರೆಗಣ್ಣು ಮೆತ್ತಗಾಯಿತು. ನಿಂಬೆ ಹಿಂಡುತ್ತ ಗುನುಗತೊಡಗಿದಳು. ಮಾಸ್ತರು ಕೋಸಿನ ಮೇಲೆ ಇನ್ನಷ್ಟು ಬಗ್ಗಿದರು.

ಆಮೇಲೆ ಹುಳಿಯ ಸರದಿ. ನಿಂಬೆ ನಾಲಿಗೆಗೆ ತಾಗಿದರೆ ತಾತನಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. "ಚೆನ್ನಾಗಿದೆ," ಎನ್ನುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದ. ಮಾಸ್ತರು ಮನೆಗೆ ಬಂದು ನಿಂಬೆ ಕಡಿಮೆ ಮಾಡಿ ಕಿತ್ತಳೆರಸ ಹಾಕು, ಒಂಚೂರು ಜೇನುತುಪ್ಪ ಇರಲಿ ಎಂದರು.

"ನಿಮಗೆ ಸಿಹಿ ಅಂದ್ರೆ ಆಗಲ್ಲ. ಹಬೆಯಾಡೋ ಚಹಾಕ್ಕೂ ಸಕ್ಕರೆ ಬೇಡ ಅಂತೀರಿ."

"ಮಧ್ಯಾಹ್ನ ಆಗುತ್ತೆ."

"ಮಧ್ಯಾಹ್ನ ನೀವು ಬೇರೆ ಮನುಷ್ಯ ಆಗ್ತೀರಾ?"

ಮಾಸ್ತರು ಬುಟ್ಟಿಯಿಂದ ಕಿತ್ತಳೆಯೊಂದನ್ನು ಎತ್ತಿ ಅವಳ ಮುಂದಿಟ್ಟರು. ಅವಳು ಸೀಸೆಯ ಗೆರೆಗಳನ್ನು ಹೊಸದಾಗಿ ಲೆಕ್ಕ ಹಾಕಿದಳು: ನಿಂಬೆ ಒಂದು ಗೆರೆ, ಕಿತ್ತಳೆ ಮೂರು ಗೆರೆ, ಕಿತ್ತಳೆಯ ಸಿಪ್ಪೆಯನ್ನು ಮೇಲೆ ಮೇಲೆ ತುರಿದು ಒಂದು ಚಿಟಿಕೆ. ಆ ಸೀಸೆ ತೆರೆದರೆ ಗೋಂದಿನ ವಾಸನೆಯ ಅಂಗಡಿಯೂ ಒಂದು ಗಳಿಗೆ ಹಣ್ಣಿನ ತೋಟವಾಗುತ್ತಿತ್ತು. ತಾತ ಅದನ್ನು ಔಷಧಿಯಂತೆ ಗೆರೆ ನೋಡಿ ಹುಯ್ದುಕೊಂಡು, ಕೊನೆಯ ತೊಟ್ಟನ್ನು ಬೆರಳಿನಲ್ಲಿ ಒರೆಸಿ ನೆಕ್ಕತೊಡಗಿದ.

ಚಳಿಗಾಲ ಕಳೆಯುವ ಹೊತ್ತಿಗೆ ಸಲಾಡ್ ಕೆಲಸ ಮಾಡಿತು. ಬಗ್ಗಿ ನಡೆಯುತ್ತಿದ್ದ ತಾತ ನೆಟ್ಟಗಾದ. ಮುಖಕ್ಕೆ ಕಳೆ ಬಂತು. ಮೇಲಿನ ಅಟ್ಟದ ರಟ್ಟು ಬೇಕಾದರೆ ಯಾರನ್ನೂ ಕರೆಯದೆ ತಾನೇ ಏಣಿ ಹತ್ತತೊಡಗಿದ. ಮಾಸ್ತರು ಮಾತ್ರ ಎರಡನೇ ಮಹಡಿಯ ತಿರುವಿನಲ್ಲಿ ಇಲ್ಲದ ದಾರವನ್ನು ಇನ್ನೂ ಹೆಚ್ಚು ಹೊತ್ತು ಕಟ್ಟಿಕೊಳ್ಳುತ್ತಿದ್ದರು. ನಡುವೆ ಅವರು ಬಾಯಿ ತೆರೆಯಲು ನೋಡಲಿಲ್ಲ ಅಂತಲ್ಲ. ಒಂದೆರಡು ಸಲ ದಾರದಕ್ಕನಿಗೆ, "ಅಕ್ಕ, ನಿಮ್ಮ ಯಜಮಾನರು ಸ್ವಲ್ಪ ಎಣ್ಣೆ ಕಮ್ಮಿ..." ಎಂದು ಶುರುಮಾಡಿದ್ದರು. ಅಷ್ಟರಲ್ಲಿ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು, ಹುರಿದ ಆಲೂಗಡ್ಡೆಯ ಪರಿಮಳ ಬರುತ್ತಿತ್ತು, ಮಾತು ನಾಳೆಗೆ ಹೋಗುತ್ತಿತ್ತು.

ಎರಡನೇ ಸಲ ರಕ್ತ ನೋಡಿದಾಗ ಕೊಬ್ಬು ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು. ಡಾಕ್ಟರು ತಲೆ ಕೆರೆದುಕೊಂಡರು. ಹೆಂಡತಿ ಏನೇನು ಕಟ್ಟುತ್ತೇನೆಂದು ಒಂದೊಂದೇ ಹೇಳಿದಳು. ಡಾಕ್ಟರು ಅದನ್ನೆಲ್ಲ ಮೆಚ್ಚುಗೆಯಿಂದ ಕೇಳಿ, "ಇಷ್ಟೆಲ್ಲ ಮಾಡಿಯೂ ಹೀಗೆ ಅಂದ್ರೆ, ಮುಂದಿನ ತಿಂಗಳು ಆಸ್ಪತ್ರೆಗೆ ಸೇರಿಸಿಬಿಡೋಣ," ಅಂದರು.

ಮನೆಯ ಮೆಟ್ಟಿಲು ಹತ್ತುವಾಗ, ಎರಡನೇ ತಿರುವಿನಲ್ಲಿ, ಅವಳೇ ನಿಂತಳು.

"ನನ್ನ ಕೈಗುಣಾನೇ ಸರಿ ಇಲ್ವೇನೋ ರೀ," ಅಂದಳು. "ಅಣ್ಣನಿಗಂತೂ ಏನೂ ಮಾಡೋಕಾಗಲಿಲ್ಲ, ಗೊತ್ತೇ ಆಗಲಿಲ್ಲ. ನಿಮ್ಮ ವಿಷಯ ಮುಂಚೆನೇ ಗೊತ್ತಾಯ್ತು, ಕೈಲಾದದ್ದೆಲ್ಲ ಮಾಡಿದೆ. ಆದ್ರೂ ಉಳಿಸ್ಕೊಳ್ಳೋಕೆ ಆಗ್ತಿಲ್ಲ."

ಮಾಸ್ತರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಅಲ್ಲೇ ಹೇಳಿಬಿಡಬೇಕಿತ್ತು. ಆದರೆ ಹೇಳಿದರೆ ಸಲಾಡಿನ ಮಾತು ಮಾತ್ರ ಹೇಳಿ ನಿಲ್ಲಿಸುವಂತಿರಲಿಲ್ಲ, ಅಷ್ಟು ವರ್ಷಗಳ ಡಬ್ಬಿಯನ್ನೂ ಬಿಚ್ಚಬೇಕಿತ್ತು. ನಾಳೆ ಅಂಗಡಿಯಲ್ಲೇ ಇದನ್ನು ಮುಗಿಸುತ್ತೇನೆ, ನನ್ನ ಡಬ್ಬಿ ನನಗೇ ಇರಲಿ ಎಂದು ಹೇಳಿಬಿಡುತ್ತೇನೆ ಎಂದು ನಿಶ್ಚಯಿಸಿ ಮಲಗಿದರು.

ಬೆಳಗ್ಗೆ ಆ ಮಾತನ್ನೇ ಮನಸ್ಸಿನಲ್ಲಿ ಉರುಹೊಡೆಯುತ್ತ ಹೊರಟವರು ಡಬ್ಬಿ ತೆಗೆದುಕೊಂಡರು, ಸೀಸೆಯನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಬಿಟ್ಟರು.

ಊಟದ ಹೊತ್ತಾಯಿತು. ನಾಲ್ಕು ಡಬ್ಬಿ ಮೇಜಿಗೆ ಬಂದವು. ಮಾಸ್ತರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. "ಎಲ್ಲರಿಗೂ ಒಂದು ಮಾತು ಹೇಳಬೇಕಿತ್ತು."

"ಅದಕ್ಕಿಂತ ಮುಂಚೆ ನಂದೊಂದು ಮಾತು ಮಾಸ್ತರೇ," ಎಂದು ತಾತನೂ ಎದ್ದ. "ನಿನ್ನೆ ಮೂರು ಸಲ ಅಟ್ಟ ಹತ್ತಿ ಇಳಿದೆ, ಏದುಸಿರೇ ಇಲ್ಲ. ಹೆಂಡತಿ ಹೋದ ಮೇಲೆ ನನ್ನ ಬಗ್ಗೆ ಇಷ್ಟು ಯೋಚನೆ ಮಾಡಿ ಯಾರೂ ತರಕಾರಿ ಹೆಚ್ಚಿರಲಿಲ್ಲ. ಆ ತಾಯಿಗೆ ನನ್ನ ನಮಸ್ಕಾರ ಹೇಳಿ."

ಮಾಸ್ತರು ಕೂತರು. ಡಬ್ಬಿಗಳು ಬಲಕ್ಕೆ ತಿರುಗಿದವು. ಅಕ್ಕನ ಡಬ್ಬಿಯಲ್ಲಿ ಆಲೂಗಡ್ಡೆ ಹೊಂಬಣ್ಣಕ್ಕೆ ಹುರಿದು ಹೊಳೆಯುತ್ತಿತ್ತು. ದುಃಖಕ್ಕೆ ಮಾಸ್ತರು ಎರಡು ತುಂಡು ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಸರಿಯಾಗಿ ಆಗಲೇ ಬಾಗಿಲಲ್ಲಿ ಹೆಂಡತಿ ಕಾಣಿಸಿಕೊಂಡಳು. ಕೈಯಲ್ಲಿ ಸೀಸೆ. ಔಷಧಿ ಅಂಗಡಿಗೆ ಹೋಗುವ ದಾರಿಯಲ್ಲಿ ಬಸ್ಸು ಇಳಿದು ಬಂದಿದ್ದಳು.

"ಮರೆತು ಬಂದಿದ್ರಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ತನ್ನ ಡಬ್ಬಿ ಎಲ್ಲಿದೆ ಎಂದು ನೋಡಿದಳು. ಗಂಡನ ಮುಂದಿನ ಡಬ್ಬಿ ನೋಡಿದಳು. ಗಂಡನ ಉಬ್ಬಿದ ಕೆನ್ನೆ ನೋಡಿದಳು. ಮಾಸ್ತರು ನುಂಗಲಾರದೆ ಉಗುಳಲಾರದೆ ಕಣ್ಣು ಬಿಟ್ಟುಕೊಂಡು ಕೂತರು.

ದಾರದಕ್ಕ ಚುರುಕಿನವಳು. "ಬನ್ನಿ ಬನ್ನಿ! ಇವತ್ತೊಂದು ದಿನ ಡಬ್ಬಿ ಅದಲು ಬದಲಾಯ್ತು ನೋಡಿ."

"ಇವತ್ತೊಂದು ದಿನ ಎಲ್ಲಿ?" ಎಂದ ತಾತ, ಮುಖ ಅರಳಿಸಿ. "ನಿಮ್ಮ ಕೈ ಊಟ ಹತ್ತು ಹನ್ನೆರಡು ವರ್ಷದಿಂದ ತಿಂತಾ ಇದ್ದೀನಿ ತಾಯಿ! ಮಾಸ್ತರು ಹೇಳಿಲ್ವಾ?"

ಚಿಕ್ಕಮ್ಮ ಮೇಜಿನ ಕೆಳಗೆ ತಾತನ ಕಾಲು ತುಳಿದಳು. ತಡವಾಗಿತ್ತು.

ಹೆಂಡತಿ ನಿಧಾನವಾಗಿ ಒಳಗೆ ಬಂದು ತಾತನ ಪಕ್ಕ ನಿಂತಳು. ಸೀಸೆಯನ್ನು ಕಿವಿಯ ಹತ್ತಿರ ಹಿಡಿದು ಗಲಗಲ ಅಲುಗಾಡಿಸಿದಳು. ಅಷ್ಟು ಹೊತ್ತು ಅಲುಗಾಡಿಸುವ ಅಗತ್ಯವಿರಲಿಲ್ಲ.

"ಈ ಗೆರೆವರೆಗೆ ಸಾಕಾ?"

"ಇನ್ನೊಂದು ಗೆರೆ ಬಿಡಿ ತಾಯಿ."

"ಕಿತ್ತಳೆ, ಜೇನುತುಪ್ಪ ಎಲ್ಲ ನಿಮಗೋಸ್ಕರಾನಾ?"

"ನಿಂಬೆ ಸ್ವಲ್ಪ ಚುರ್ ಅಂತಿತ್ತು. ನಾನು ಬಾಯಿ ಬಿಟ್ಟು ಹೇಳಲೇ ಇಲ್ಲ, ನೀವಾಗೇ ತಿಳ್ಕೊಂಡ್ರಿ."

"ಹಾಗಾದ್ರೆ ನೋಯ್ತಾ ಇದ್ದ ಹಲ್ಲೂ ನಿಮ್ಮದೇ."

"ನೋಯೋದಕ್ಕೆ ನನಗೆ ಹಲ್ಲೆಲ್ಲಿದೆ ತಾಯಿ?" ಎಂದು ತಾತ ಬಾಯಿ ತೆರೆದು ತೋರಿಸಿದ.

ಅವಳು ಆ ಬಾಯನ್ನು ನೋಡಿದಳು, ನೂಲಿನಂತೆ ಹೆಚ್ಚಿದ ಕೋಸನ್ನು ನೋಡಿದಳು. ಗಂಡನ ಕಡೆ ತಿರುಗಲೇ ಇಲ್ಲ. "ನಿಧಾನವಾಗಿ ಊಟ ಮಾಡಿ," ಎಂದು ತಾತನಿಗೆ ಹೇಳಿ ಹೊರಟಳು. ದಾರದಕ್ಕ ತನ್ನ ಊಟ ಬಿಟ್ಟು ಅವಳ ಹಿಂದೆಯೇ ಮೆಟ್ಟಿಲಿಳಿದಳು.

ಮಾಸ್ತರು ಕಿಟಕಿಗೆ ಓಡಿದರು. ಕೆಳಗೆ ಬೀದಿಯ ಅಂಚಿನಲ್ಲಿ ಇಬ್ಬರೂ ನಿಂತಿದ್ದರು. ಅಕ್ಕ ಕೈ ತಿರುಗಿಸಿ ತಿರುಗಿಸಿ ಏನೋ ಹೇಳುತ್ತಿದ್ದಳು. ಗೋದಾಮಿನ ಕಥೆಯೇ ಇರಬೇಕು, ಏಕೆಂದರೆ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಏನೋ ಕೇಳಿದಳು. ಅಕ್ಕ ಹಣೆ ಚಚ್ಚಿಕೊಂಡಳು. ಇಬ್ಬರೂ ನಕ್ಕರು. ಅಳುವಿಗಿಂತ ಆ ನಗುವಿಗೆ ಮಾಸ್ತರು ಹೆಚ್ಚು ಹೆದರಿದರು.

ಸಂಜೆ ಅವಳು ಬಂದಾಗ ಮಾಸ್ತರು ಡಬ್ಬಿಯನ್ನು ತಾವೇ ತೊಳೆದು, ಒರೆಸಿ, ಕಟ್ಟೆಯ ಮೇಲೆ ಬೋರಲು ಹಾಕಿದ್ದರು. ಅವಳು ಅದನ್ನು ನೋಡಿ ಎದುರಿಗೆ ಕೂತಳು.

"ಆ ತಾತನಿಗೆ ಹಾಕಿದ್ದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ," ಅಂದಳು. "ಹೇಳಿದ್ರೆ ನಾನೇನು ಬೇಡ ಅಂತಿದ್ನಾ? ಹೋಗ್ಲಿ ಬಿಡಿ, ಮಾತು ಕೊಟ್ಟಿದ್ರಂತೆ. ಒಂದು ವಿಷಯ ಮಾತ್ರ ಹೇಳಿ. ಹೀಗೆ ತಿಂದ್ರೆ ಆಯುಷ್ಯ ಒಂದು ದಿನ ಜಾಸ್ತಿ ಅಂದಿದ್ರಲ್ಲ, ಅದು ಯಾರ ಮಾತು?"

"ತಾತಂದು."

"ಬೇಳೆ ಹೂವಿನ ಹಾಗೆ ಬೆಂದಿದೆ ಅಂದಿದ್ದು?"

"ಅದೂ ತಾತಂದೇ."

"ಒಂದು ಸಲ ನನಗೆ ಜ್ವರ ಇತ್ತು. ಆದ್ರೂ ಎದ್ದು ಮಾಡಿದ್ದೆ. ಸಂಜೆ ನೀವು ಬಂದು, ಕೈ ನಡುಗಿದ್ರೂ ಉಪ್ಪು ನಡುಗಿಲ್ಲ ಅಂದ್ರಿ. ಆ ಮಾತು ನಾನು ಇವತ್ತಿಗೂ ಮರೆತಿಲ್ಲ."

ಮಾಸ್ತರು ನೆಲ ನೋಡಿದರು. "ನಿನಗೆ ಜ್ವರ ಅಂತ ನಾನೇ ತಾತನಿಗೆ ಹೇಳಿದ್ದೆ. ಮಾತು ಅವರದ್ದು."

"ಇಷ್ಟು ವರ್ಷದಲ್ಲಿ ನಿಮ್ಮದು ಅಂತ ಒಂದು ಮಾತೂ ಇಲ್ವಾ?"

ಇರಲಿಲ್ಲ. ಕಾಗದವಾಗಿದ್ದರೆ ಹೆಚ್ಚಾದದ್ದನ್ನು ಕತ್ತರಿಸಿ ನೇರ ಮಾಡಬಹುದಿತ್ತು. ಇಲ್ಲಿ ಕಮ್ಮಿಯಾದದ್ದಕ್ಕೆ ಮಾಸ್ತರ ಬಳಿ ಯಾವ ಯಂತ್ರವೂ ಇರಲಿಲ್ಲ.

ಮರುದಿನ ಬೆಳಗ್ಗೆ ಎಲ್ಲ ಎಂದಿನಂತೆಯೇ ಇತ್ತು. ಅವಳು ಹಾಲು ತರುತ್ತೇನೆಂದು ಒಂದು ದೊಡ್ಡ ಚೀಲ ಹಿಡಿದು ಕೆಳಗಿಳಿದು ಹೋದಳು, ಖಾಲಿ ಚೀಲದೊಂದಿಗೆ ವಾಪಸು ಬಂದಳು. ಹಾಲಿಗೆ ಅಷ್ಟು ದೊಡ್ಡ ಚೀಲ ಯಾಕೆಂದು ಕೇಳುವ ಸ್ಥಿತಿಯಲ್ಲಿ ಮಾಸ್ತರು ಇರಲಿಲ್ಲ. ಹಾಲೇ ಬಂದಿಲ್ಲ ಎಂಬುದೂ ಅವರಿಗೆ ಹೊಳೆಯಲಿಲ್ಲ. ಡಬ್ಬಿ, ಕಿತ್ತಳೆಯ ಸೀಸೆ ಎರಡನ್ನೂ ಅವಳು ಕೈಗಿತ್ತಳು. ತಾತನಿಗೆ ಏನೂ ತಪ್ಪುವುದಿಲ್ಲವಲ್ಲ ಎಂದು ಅವರಿಗೆ ಸಮಾಧಾನವಾಯಿತು. ತಮ್ಮ ಗತಿ ಬಾಣಲೆಯೇ ಎಂದು ಒಪ್ಪಿಕೊಂಡು ಹೊರಟರು.

ಮಧ್ಯಾಹ್ನ ದಾರದಕ್ಕನ ಡಬ್ಬಿ ಬಲಕ್ಕೆ ತಿರುಗಿ ಮಾಸ್ತರ ಮುಂದೆ ನಿಂತಿತು. ಮುಚ್ಚಳ ತೆಗೆದರೆ ಹುರಿದ ವಾಸನೆ ಇಲ್ಲ. ಕೆಳಗೆ ಕಡಲೆ, ಮೇಲೆ ಮೊಟ್ಟೆ, ಅದರ ಮೇಲೆ ಕ್ಯಾರೆಟ್ಟು, ಕೋಸು, ಸೊಪ್ಪು. ಕ್ಯಾರೆಟ್ಟಿನ ಒಂದೊಂದು ತುಂಡೂ ಹೆಬ್ಬೆರಳಿನಷ್ಟಿತ್ತು. ಅಕ್ಕ ತನ್ನ ಚೀಲದಿಂದ ಇನ್ನೊಂದು ಕೆಮ್ಮಿನ ಸೀಸೆ ತೆಗೆದು ಠಪ್ ಎಂದು ಮೇಜಿನ ಮೇಲಿಟ್ಟಳು.

"ಬೆಳಗ್ಗೆ ಬಸ್ ಸ್ಟಾಪಲ್ಲಿ ಕೈಗೆ ಬಂತು. ಇನ್ಮೇಲೆ ನನ್ನ ಡಬ್ಬಿನೂ ಅವರೇ ತುಂಬ್ತಾರಂತೆ. ನಮ್ಮ ಮನೆಯವರ ಬಾಣಲೆಗೆ ಇವತ್ತಿಂದ ರಜ. ಅವರೂ ಅದನ್ನ ತಿನ್ನೋದು ಬಿಟ್ರೆ ಎಣ್ಣೆ ಹೊಗೆ ಕುಡಿದ ನಮ್ಮ ಮನೆ ಗೋಡೆನೂ ಉಸಿರಾಡುತ್ತೆ. ನಿಮ್ಮ ಹಲ್ಲು ಕಲ್ಲು ಅಗಿಯುತ್ತಂತಲ್ಲ, ಅಗಿಯಿರಿ ಮಾಸ್ತರೇ."

ಕಾನೂನು ಮುರಿದಿರಲಿಲ್ಲ. ಡಬ್ಬಿ ಬಲಕ್ಕೇ ತಿರುಗಿತ್ತು. ತಾತ ತನ್ನ ಕಿತ್ತಳೆಯನ್ನು ಗೆರೆ ನೋಡಿ ಹುಯ್ದುಕೊಳ್ಳುತ್ತಿದ್ದ, ಚಿಕ್ಕಮ್ಮ ತಾತನ ಆಲೂಗಡ್ಡೆಗೆ ಉಪ್ಪು ಸರಿಯಾಗಿದೆ ಎನ್ನುತ್ತಿದ್ದಳು. ಮಾಸ್ತರು ಸೀಸೆ ಅಲುಗಾಡಿಸಿ ಸುರಿದರು. ಕಿತ್ತಳೆ ಇಲ್ಲ, ಜೇನುತುಪ್ಪ ಇಲ್ಲ. ಅಪ್ಪಟ ನಿಂಬೆ, ಧಾರಾಳ ಮೆಣಸು. ಮೊದಲ ತುತ್ತಿಗೇ ಎರಡೂ ಕಿವಿಯ ಹಿಂದೆ ಜುಮ್ಮೆಂದಿತು. ಅವರು ಅಗಿದರು. ಆ ಮೇಜಿನಲ್ಲಿ ಕೂತು ಹೆಂಡತಿಯ ಕೈ ಊಟವನ್ನು ಅವರು ತಿಂದದ್ದು ಅಷ್ಟು ವರ್ಷಗಳಲ್ಲಿ ಅದೇ ಮೊದಲು, ಅದೂ ಗಮನವಿಟ್ಟು ಅಗಿಯದೆ ಇಳಿಯುವ ಊಟವಾಗಿರಲಿಲ್ಲ. ತಾತ ಬಗ್ಗಿ ಅವರ ಡಬ್ಬಿ ನೋಡಿ, "ಆಹಾ, ಬಣ್ಣ ನೋಡಿದ್ರೇ ಅರ್ಧ ಹೊಟ್ಟೆ ತುಂಬುತ್ತೆ," ಅಂದ. ಮಾಸ್ತರು ಅಭ್ಯಾಸಬಲದಿಂದ ಆ ಮಾತನ್ನು ಸಂಜೆಗೆಂದು ಜೇಬಿಗಿಳಿಸಿಕೊಂಡರು.

ಸಂಜೆ ಅವಳು ಡಬ್ಬಿ ತೊಳೆಯಲು ನಿಂತಳು. ಬೆನ್ನು ಈ ಕಡೆಗಿತ್ತು. "ಹೇಗಿತ್ತು?"

"ಬಣ್ಣ ನೋಡಿದ್ರೇ ಅರ್ಧ ಹೊಟ್ಟೆ..."

ಅವಳು ನಲ್ಲಿ ನಿಲ್ಲಿಸಿದಳು. "ತಾತನ ಮಾತು ನನಗೆ ಬೇಡ. ಅವರು ನಾನು ಕಂಡಾಗ ನನಗೇ ಹೇಳ್ತಾರೆ. ನಿಮ್ಮದು ಹೇಳಿ."

ಮಾಸ್ತರು ಬೆವರೊರೆಸಿಕೊಂಡರು. ಎರಡನೇ ಮಹಡಿಯಿಂದ ಮೂರನೆಯದಕ್ಕೆ ಹತ್ತುವಾಗಲೂ ಇಷ್ಟು ಕಷ್ಟವಾಗಿರಲಿಲ್ಲ.

"ಹುಳಿ ಜಾಸ್ತಿ ಆಗಿತ್ತು," ಅಂದರು ಕೊನೆಗೆ. ಹೇಳಿದ ಮೇಲೆ ಭಯವಾಯಿತು. ಆದರೆ ಶುರುವಾದ ಮೇಲೆ ನಿಲ್ಲಲಿಲ್ಲ. "ಕ್ಯಾರೆಟ್ಟು ಸೌದೆ ತುಂಡಿನ ಹಾಗಿತ್ತು. ದವಡೆ ನೋಯ್ತು. ಮೆಣಸು ಕೆಳಗೆ ಕೂತಿತ್ತು, ಕೊನೇ ತುತ್ತಿಗೆ ಕೆಮ್ಮು ಬಂತು. ಕಡಲೆ ಮಾತ್ರ ತುಂಬ ಚೆನ್ನಾಗಿತ್ತು. ಕಡಲೆ ಇನ್ನೂ ಒಂದು ಹಿಡಿ ಇದ್ದಿದ್ರೆ ಅಂತ ಅನ್ನಿಸ್ತು."

ಅವಳು ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣ್ಣು ತುಂಬಿತ್ತು, ಮುಖದಲ್ಲಿ ಮಾತ್ರ ತಾತನ ಯಾವ ಹೊಗಳಿಕೆಗೂ ಮಾಸ್ತರು ಕಂಡಿರದ ಸಂತೋಷವಿತ್ತು.

"ಎಷ್ಟು ಜಾಸ್ತಿ?" ಎಂದು ಕೇಳಿದಳು.

"ಒಂದು ಗೆರೆ. ಒಂದೂವರೆ ಇರಬಹುದು."

ಅವಳು ಬುಟ್ಟಿಯಿಂದ ನಿಂಬೆಹಣ್ಣು ತೆಗೆದು ಮಣೆಯ ಮೇಲಿಟ್ಟು ಚಾಕು ಅವರ ಕಡೆ ಸರಿಸಿದಳು. ಮಾಸ್ತರು ಅದನ್ನು ಸರಿಯಾಗಿ ನಡುವೆ, ಕೂದಲೆಳೆಯಷ್ಟೂ ತಪ್ಪದೆ, ಎರಡು ಹೋಳು ಮಾಡಿದರು. ಅವಳು ಒಂದು ಹೋಳನ್ನು ಸೀಸೆಗೆ ಹಿಂಡಿದಳು, ಇನ್ನೊಂದನ್ನು ಪಕ್ಕಕ್ಕಿಟ್ಟಳು. ಚಮಚದಲ್ಲಿ ಸ್ವಲ್ಪ ಸುರಿದು ಅವರ ಬಾಯಿಗೆ ಹಿಡಿದು, "ಈಗ ಹೇಳಿ," ಎಂದಳು.